ಅಜ್ಜನ ಮಳೆ 2068ಕ್ಕೆ ಹೋಗಿ ಬಿತ್ತು

ನಮ್ಮ ಅಜ್ಜ ಕಾಫಿ ತೋಟದ ಮಳೆ ಲೆಕ್ಕವನ್ನು 1967ರಿಂದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ‘2 ಇಂಚು 30 ಸೆಂಟು’, ಹೀಗೆ (ಸೆಂಟು ಅಂದರೆ ಇಂಚಿನ ನೂರನೇ ಒಂದು ಪಾಲು). ಅಕ್ಕ ಅದನ್ನೆಲ್ಲ ತನ್ನ ವಿಂಡೋಸ್ ಲ್ಯಾಪ್‌ಟಾಪಿನ ಎಕ್ಸೆಲ್‌ನಲ್ಲಿ ಟೈಪ್ ಮಾಡಿ, ಸಿಎಸ್‌ವಿ ಫೈಲ್ (ಅಂಕಿಗಳ ನಡುವೆ ಅಲ್ಪವಿರಾಮ ಇಟ್ಟ ಬರೀ ಪಠ್ಯದ ಫೈಲ್) ಕಳಿಸಿದಳು. ಗ್ರಾಫ್ ಹಾಕೋ ಕೆಲಸ ನನ್ನ ಪಾಲಿಗೆ. ನಾನು ಬಳಸೋದು ಉಬುಂಟು ಅನ್ನೋ ಲಿನಕ್ಸ್, ಅದರಲ್ಲಿ ಆರ್ ಅನ್ನೋ ಅಂಕಿಅಂಶಗಳ ಪ್ರೋಗ್ರಾಮಿಂಗ್ ಭಾಷೆ.

ಮಳೆಯ ಅಂಕಿಗಳೆಲ್ಲ ಸರಿಯಾಗಿ ಬಂದವು. ತಾರೀಖಿನ ಕಾಲಂ ಮಾತ್ರ ಮೇಲಿಂದ ಕೆಳಗಿನವರೆಗೂ ‘ಎನ್‌ಎ’, ಅಂದರೆ ಮಾಹಿತಿ ಇಲ್ಲ. ಎರರ್ ಇಲ್ಲ, ವಾರ್ನಿಂಗೂ ಇಲ್ಲ. ಅದೇ ಸ್ಕ್ರಿಪ್ಟನ್ನು ಅಕ್ಕನ ಲ್ಯಾಪ್‌ಟಾಪಿನಲ್ಲಿ ಓಡಿಸಿದರೆ ತಾರೀಖು ಸಲೀಸಾಗಿ ಬರುತ್ತಿತ್ತು.

ಮೊದಲು ಅನುಮಾನ ಬಂದದ್ದು ಸಾಲಿನ ಕೊನೆಯ ಮೇಲೆ. ವಿಂಡೋಸ್ ಅಲ್ಲಿ ಕಣ್ಣಿಗೆ ಕಾಣದ ಎರಡು ಅಕ್ಷರ ಇಡುತ್ತದೆ, ಲಿನಕ್ಸ್ ಒಂದೇ ಇಡುತ್ತದೆ. ಎರಡನ್ನು ಒಂದಾಗಿಸುವ ‘ಡಾಸ್‌ಟುಯುನಿಕ್ಸ್’ ಓಡಿಸಿದೆ. ಏನೂ ಬದಲಾಗಲಿಲ್ಲ. ಆರ್ ಎರಡನ್ನೂ ತಾನೇ ಸಂಭಾಳಿಸುತ್ತದೆ. ಒಂದು ಸಂಜೆ ಸುಮ್ನೆ ಹಾಳಾಯಿತು.

ಆಮೇಲೆ ಒಂದೇ ತಾರೀಖು ಹಿಡಿದುಕೊಂಡು ಕೂತೆ: ‘05-ಜೂನ್-71’, ಫೈಲ್‌ನಲ್ಲಿ ತಿಂಗಳು ಇಂಗ್ಲಿಷ್‌ನಲ್ಲಿತ್ತು. ಇವತ್ತಿನ ತಾರೀಖನ್ನು ಅದೇ ನಮೂನೆಯಲ್ಲಿ ಪ್ರಿಂಟ್ ಮಾಡಿಸಿದೆ. ತಿಂಗಳ ಹೆಸರು ಅಚ್ಚ ಕನ್ನಡ ಲಿಪಿಯಲ್ಲಿ ಬಂತು! ಅಭಿಮಾನಕ್ಕೆ ಇಡೀ ಉಬುಂಟುವನ್ನು ಕನ್ನಡಕ್ಕೆ ಬದಲಾಯಿಸಿಕೊಂಡವನು ನಾನೇ ಅಲ್ವಾ? ತಿಂಗಳ ಹೆಸರನ್ನು ಆರ್ ಸಿಸ್ಟಮ್‌ನ ಲೋಕೇಲ್ (ಭಾಷೆ-ಪ್ರದೇಶದ ಸೆಟ್ಟಿಂಗ್) ನೋಡಿ ಗುರುತಿಸುತ್ತದೆ. ಇಂಗ್ಲಿಷ್ ಜೂನ್ ಅದಕ್ಕೆ ಅಪರಿಚಿತ. ಸ್ಕ್ರಿಪ್ಟಿನಲ್ಲಿ ಒಂದು ಸಾಲು ಸೇರಿಸಿ, ಲೋಕೇಲ್‌ನಲ್ಲಿ ತಾರೀಖಿನ ಭಾಗವಾದ ಎಲ್‌ಸಿ ಟೈಮ್ ಅನ್ನು ಇಂಗ್ಲಿಷ್ ಹೆಸರುಗಳಿರುವ ‘ಸಿ’ಗೆ ಬದಲಾಯಿಸಿದೆ, ತಾರೀಖುಗಳೆಲ್ಲ ಬಂದವು.

ಖುಷಿಯಿಂದ ಗ್ರಾಫ್ ಹಾಕಿದರೆ, ಎಡಗಡೆ ಇರಬೇಕಾದ ಮೊದಲ ಎರಡು ವರ್ಷದ ಮಳೆ ಬಲಗಡೆಯ ತುದಿಯಲ್ಲಿ, 2067 ಮತ್ತು 2068ರಲ್ಲಿ ಸುರಿಯುತ್ತಿತ್ತು. ಎರಡಂಕಿಯ ವರ್ಷ ಕೊಟ್ಟರೆ ಆರ್ 00ರಿಂದ 68ರವರೆಗಿನದನ್ನು 2000ದ ಲೆಕ್ಕಕ್ಕೆ ಹಾಕುತ್ತದೆ, 69ರಿಂದ ಮುಂದಿನದನ್ನು 1900ರ ಲೆಕ್ಕಕ್ಕೆ. ಅಕ್ಕನ ಎಕ್ಸೆಲ್ 1968 ಅಂತಲೇ ಇಟ್ಟುಕೊಂಡಿತ್ತು. ಆದರೆ ಸಿಎಸ್‌ವಿಗೆ ಹೋಗೋದು ಸೆಲ್‌ನಲ್ಲಿ ಕಾಣುವ ರೂಪ ಮಾತ್ರ. ಕಂಡದ್ದು ಬರೀ 68. ಶತಮಾನ ದಾರಿಯಲ್ಲೇ ಉದುರಿಹೋಗಿತ್ತು. ಅವಳ ಲ್ಯಾಪ್‌ಟಾಪಿನಲ್ಲೂ ಹೀಗೇ ಆಗಿದ್ದಿರಬೇಕು. ಅಲ್ಲಿ ತಾರೀಖು ಬಂತಾ ಅಂತಷ್ಟೇ ನೋಡಿದ್ದೆವು.

ಮುಂದಿನ ತಾರೀಖು ಬಂದರೆ 100 ವರ್ಷ ಕಳೆ ಅಂತ ಸ್ಕ್ರಿಪ್ಟಿಗೆ ತೇಪೆ ಹಾಕಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಅಕ್ಕನಿಗೆ ಫೋನ್ ಮಾಡಿ, ತಾರೀಖಿನ ಕಾಲಂಗೆ ‘1968-06-05’ ನಮೂನೆ ಕೊಟ್ಟು ಮತ್ತೆ ಸೇವ್ ಮಾಡು ಅಂದೆ. ಸಿಎಸ್‌ವಿಯನ್ನು ಮತ್ತೆ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡ ಅಂತಲೂ ಹೇಳಿದೆ, ಅದು ತಾರೀಖನ್ನು ಪುನಃ ತನ್ನಿಷ್ಟದ ರೂಪಕ್ಕೆ ತಿರುಗಿಸಿಬಿಡುತ್ತದೆ.

ಹೊಸ ಫೈಲ್‌ನಲ್ಲಿ ತಿಂಗಳ ಹೆಸರೇ ಇರಲಿಲ್ಲ. ಎಲ್‌ಸಿ ಟೈಮ್ ಸಾಲನ್ನೂ ಅಳಿಸಿದೆ. ಉಬುಂಟು ಈಗಲೂ ಕನ್ನಡದಲ್ಲೇ ಇದೆ.