ಬ್ಯಾರೆಂಟ್ಸ್ ಸಮುದ್ರದ ಧ್ರುವ ಚಂಡಮಾರುತವನ್ನು ಮೊದಲೇ ಗುರುತಿಸುವುದು ಹೇಗೆ?

ನಾರ್ವೆ, ರಷ್ಯಾಗಳ ಉತ್ತರಕ್ಕಿರುವ ಈ ಸಮುದ್ರದಲ್ಲಿ, ತೀರಾ ತಣ್ಣನೆಯ ಗಾಳಿ ತೆರೆದ ನೀರಿನ ಮೇಲೆ ಹಾದಾಗ ಹುಟ್ಟುವ ಚಿಕ್ಕದಾದರೂ ಬಿರುಸಾದ ಬಿರುಗಾಳಿಯೇ ಧ್ರುವ ಚಂಡಮಾರುತ. ಚಳಿಗಾಲದ ಅವಕೆಂಪು ಉಪಗ್ರಹ ಚಿತ್ರದಲ್ಲಿ ನಾನು ಮೊದಲು ಹುಡುಕುವುದು ಮೋಡವನ್ನಲ್ಲ, ಸ್ವಾಲ್ಬಾರ್ಡ್ ದ್ವೀಪಸಮೂಹದ ಸುತ್ತಲಿನ ಹಿಮಗಡ್ಡೆಯ ಅಂಚನ್ನು. ನೀವೂ ಅಲ್ಲಿಂದಲೇ ಆರಂಭಿಸಿ. ಗಾಳಿ ಹಿಮಗಡ್ಡೆಯಿಂದ ತೆರೆದ ನೀರಿನತ್ತ ಬೀಸುತ್ತಿದ್ದರೆ, ಅಂಚಿನಾಚೆ ನೇಗಿಲ ಸಾಲಿನಂತೆ ಮೋಡಗಳು ಮೂಡಿರುತ್ತವೆ. ಸಮುದ್ರ ತನ್ನ ಶಾಖವನ್ನೂ ತೇವವನ್ನೂ ಗಾಳಿಗೆ ಬಿಟ್ಟುಕೊಡುತ್ತಿದೆ ಎಂಬುದಕ್ಕೆ ಅದೇ ಗುರುತು.

ಈಗ ನೀರಿನ ಮೇಲ್ಮೈಯ ತಾಪಮಾನವನ್ನು 500 ಹೆಕ್ಟೊಪ್ಯಾಸ್ಕಲ್ ವಾಯುಒತ್ತಡದ ಮಟ್ಟದ, ಅಂದರೆ ಸುಮಾರು 5 ಕಿ.ಮೀ. ಎತ್ತರದ ತಾಪಮಾನದೊಂದಿಗೆ ಹೋಲಿಸಿ. ನೀರು 4 ಡಿಗ್ರಿ, ಮೇಲೆ ಮೈನಸ್ 40 ಎಂದರೆ ವ್ಯತ್ಯಾಸ 44. ಅದು 43 ದಾಟಿದರೆ ನಾನು ಚಿತ್ರದಿಂದ ಕಣ್ಣು ತೆಗೆಯುವುದಿಲ್ಲ. ಮೇಲೆ ತಂಪು ಗಾಳಿಯ ಸುಳಿಯೂ ಬಂದರೆ ಮೋಡದ ಸಾಲುಗಳು ಸುರುಳಿಯಾಗಬಹುದು.

ಹಳೆಯ ಚಿತ್ರವನ್ನು ಎಂದೂ ನಂಬಬೇಡಿ. ಈ ಚಂಡಮಾರುತ ಗಂಟೆಗಳಲ್ಲೇ ಬೆಳೆದು ಮೀನುಗಾರರ ಜೀವಕ್ಕೆ ಎರವಾಗಬಹುದು. ನೆಲವನ್ನೋ ಹಿಮಗಡ್ಡೆಯನ್ನೋ ಏರಿದರೆ ಮಾತ್ರ ಶಾಖ ಸಿಗದೆ ಬೇಗ ಕುಗ್ಗುತ್ತದೆ.