ಸೀರೆಗೂ ಜೀನ್ಸಿಗೂ ಒಂದೇ ಬೂಟು

ಊಟಿಗೆ ಕೆಲಸಕ್ಕೆ ಬಂದ ಮೊದಲ ಜನವರಿ. ತಲೈಕುಂದದ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಉಪ್ಪು ಚೆಲ್ಲಿದಂತಿತ್ತು. ತಾಳವಾಡಿಯಿಂದ ತಂದಿದ್ದ ಚಪ್ಪಲಿಯಲ್ಲೇ ಬಸ್ಸಿಗೆ ಕಾದು ನಿಂತಿದ್ದ ನನಗೆ ಕಚೇರಿ ಸೇರುವವರೆಗೂ ಕಾಲ್ಬೆರಳು ಇರುವುದೇ ತಿಳಿಯಲಿಲ್ಲ. ಅದೇ ವಾರ ಬೂಟು ಕೊಂಡೆ. ಕಣಕಾಲಿನ ಮೇಲಿನವರೆಗೆ ಲೇಸು, ಲೇಸು ಸಿಕ್ಕಿಸಲು ಲೋಹದ ಕೊಕ್ಕೆಗಳು. ಸೀರೆಯುಟ್ಟು ಬಸ್ಸಿನ ಮೆಟ್ಟಿಲು ಹತ್ತುವಾಗ ಫಾಲ್ ಆ ಕೊಕ್ಕೆಗೆ ಸಿಕ್ಕಿ ಗೇಣುದ್ದ ಹರಿಯಿತು.

ಬೂಟಿಗಿಂತ ಮೊದಲು ಬಟ್ಟೆಯ ಲೆಕ್ಕ ಹಾಕಬೇಕಿತ್ತು. ನಾನು ವಾರದಲ್ಲಿ ಮೂರು ದಿನ ಸೀರೆ ಉಡುತ್ತೇನೆ, ಎರಡು ದಿನ ಚೂಡಿದಾರ್, ರಜೆಯಲ್ಲಿ ಜೀನ್ಸ್. ಮೂರಕ್ಕೂ ಒಗ್ಗಿದ್ದು ಚೆಲ್ಸಿಯಾ ಬೂಟು: ಲೇಸಿಲ್ಲ, ಕೊಕ್ಕೆಯಿಲ್ಲ, ಎರಡೂ ಪಕ್ಕದಲ್ಲಿ ಎಲಾಸ್ಟಿಕ್. ವಿಕ್ಟೋರಿಯಾ ರಾಣಿಗೆ ಪಾದರಕ್ಷೆ ಮಾಡುತ್ತಿದ್ದ ಸ್ಪಾರ್ಕ್ಸ್-ಹಾಲ್ ಇದಕ್ಕೆ ಪೇಟೆಂಟ್ ಪಡೆದರು. ನೆಲ ಗುಡಿಸುವ ಲಂಗದ ಕಾಲದಲ್ಲಿ ಹುಟ್ಟಿದ ಬೂಟು ಸೀರೆಗೆ ಒದಗದೆ ಇರುತ್ತದೆಯೇ? ನಯವಾದ ಚರ್ಮದ ಮೇಲೆ ನೆರಿಗೆ ಜಾರಿಕೊಂಡು ಹೋಗುತ್ತದೆ. ಬೂಟಿನ ಕಂಠ ಕಣಕಾಲನ್ನು ಅಪ್ಪಿಕೊಂಡಿರಬೇಕು, ಆಗ ಚೂಡಿದಾರಿನ ಸುಕ್ಕುಗಳು ಅದರ ಮೇಲೆ ಚೆಂದವಾಗಿ ಕೂರುತ್ತವೆ. ಅಗಲವಾದರೆ ಕಾಲನ್ನು ಕೊಡದಲ್ಲಿ ಇಟ್ಟಂತೆ ಕಾಣುತ್ತದೆ.

ಬಣ್ಣದಲ್ಲಿ ನಾನು ಹಟ ಹಿಡಿದು ಹುರಿದ ಕಾಫಿ ಬೀಜದ ಕಂದನ್ನೇ ಆರಿಸಿದೆ. ಅರಿಶಿನ, ಇಟ್ಟಿಗೆ ಬಣ್ಣದ ಕೈಮಗ್ಗದ ಸೀರೆಗಳ ಕೆಳಗೆ ಕಪ್ಪು ಬೂಟು ಸಮವಸ್ತ್ರದಂತೆ ಕಾಣುತ್ತದೆ. ಕಂದು ಹಾಗಲ್ಲ, ನೀಲಿ ಜೀನ್ಸಿಗೂ ಬೂದು ಶಾಲಿಗೂ ಹೊಂದುತ್ತದೆ. ಮಖಮಲ್ಲಿನಂತೆ ನವಿರಾದ, ನೀರು ಬಿದ್ದರೆ ಕಲೆಗಟ್ಟುವ ಸ್ವೀಡ್ ಚರ್ಮ ಬಹಳ ಇಷ್ಟವಾಗಿತ್ತು. ಆದರೆ ಇಲ್ಲಿ ಮುಂಗಾರಿನ ಬೆನ್ನಿಗೇ ಹಿಂಗಾರು ಬರುತ್ತದೆ, ಹಾಗಾಗಿ ಮನಸ್ಸು ಗಟ್ಟಿ ಮಾಡಿಕೊಂಡು ಬಿಟ್ಟೆ.

ಅಡಿಯ, ಅಂದರೆ ಸೋಲಿನ, ವಿಚಾರದಲ್ಲಿ ಕಣ್ಣು ತೆರೆಸಿದ್ದು ಅಣ್ಣನ ಬೂಟು. ಬೀರುವಿನಲ್ಲಿ ವರ್ಷಗಟ್ಟಲೆ ಇಟ್ಟಿದ್ದನ್ನು ತೆಗೆದು ಹಾಕಿಕೊಂಡು ನಾಲ್ಕು ಹೆಜ್ಜೆ ಇಟ್ಟನೋ ಇಲ್ಲವೋ, ಅಡಿ ಹಳೆಯ ರೊಟ್ಟಿಯಂತೆ ಪುಡಿಪುಡಿಯಾಯಿತು. ಅದು ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್, ಗಾಳಿಯ ತೇವ ಅದನ್ನು ಒಳಗಿಂದಲೇ ಒಡೆಯುತ್ತದೆ, ಬಳಸದೆ ಇಟ್ಟರೂ ಬಿಡದು. ಆದ್ದರಿಂದ ಅಂಗಡಿಯಲ್ಲಿ ನಾನು ಮೊದಲು ಕೇಳಿದ್ದು ರಬ್ಬರ್ ಅಡಿಯನ್ನೇ. ಜೊತೆಗೆ ಅಡಿ ಸವೆದರೆ ಬದಲಾಯಿಸಲು ಬರುವಂತೆ ಅಂಚಿನಲ್ಲಿ ಹೊಲಿಗೆ ಇರಬೇಕು, ಹಿಮ್ಮಡಿ ಒಂದು ಅಂಗುಲ ಮೀರಬಾರದು ಎಂದೆ. ನಮ್ಮ ಬೀದಿಯ ಒದ್ದೆ ಇಳಿಜಾರಿನಲ್ಲಿ ಅದಕ್ಕಿಂತ ಎತ್ತರ ಬೇಡ.

ಕೊಂಡಿದ್ದು ಚರ್ಮದ ಕೆಲಸಕ್ಕೆ ಹೆಸರಾದ ಆಂಬೂರಿನಲ್ಲಿ. ಸಂಜೆಯ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆಂದು ಆಗಲೇ ಹೋದೆ, ಉಣ್ಣೆಯ ಕಾಲುಚೀಲವನ್ನೂ ಜೊತೆಗೆ ಒಯ್ದಿದ್ದೆ. ಅದನ್ನು ಹಾಕಿಕೊಂಡೇ ನೋಡಿ, ಬೆರಳುಗಳ ಮುಂದೆ ಹೆಬ್ಬೆರಳಗಲ ಜಾಗ ಉಳಿಯುವ ಅಳತೆಯನ್ನು ಆರಿಸಿದೆ. ಪಾದವನ್ನು ಬೆಚ್ಚಗಿಡುವುದು ಉಣ್ಣೆಯೊಳಗೆ ನಿಂತ ಗಾಳಿ. ಬೂಟು ಬಿಗಿಯಾದರೆ ಆ ಗಾಳಿಗೂ ಜಾಗವಿಲ್ಲ, ರಕ್ತವೂ ಸರಾಗವಾಗಿ ಹರಿಯದು.

ನೆನೆದ ದಿನ ಒಳಗೆ ಹಳೆಯ ಪತ್ರಿಕೆ ತುರುಕಿ ನೆರಳಿನಲ್ಲಿ ಒಣಗಿಸುತ್ತೇನೆ. ಹೀಟರಿನ ಹತ್ತಿರ ಇಟ್ಟರೆ ಚರ್ಮ ಸೆಟೆದು ಬಿರಿಯುತ್ತದೆ. ಇದು ಐದನೆಯ ಚಳಿಗಾಲ, ಅಡಿಯನ್ನು ಒಮ್ಮೆ ಬದಲಾಯಿಸಿದ್ದೇನೆ. ಎಡಗಾಲಿನ ಎಲಾಸ್ಟಿಕ್ ಈಗ ಸ್ವಲ್ಪ ಸಡಿಲವಾಗಿದೆ. ಇಬ್ಬನಿ ಹೆಪ್ಪುಗಟ್ಟುವ ಮೊದಲು ಹೊಸದು ಹೊಲಿಸಬೇಕು.