ಮನೆಯಲ್ಲೇ ಸಕ್ಕರೆ ಅಚ್ಚು: ಮೂರನೇ ವರ್ಷಕ್ಕೆ ಕೈ ಹತ್ತಿತು

2025ರ ಸಂಕ್ರಾಂತಿಗೆ ನಮ್ಮ ಮನೆಗೆ ಅಂಗಡಿಯ ಅಚ್ಚು ಒಂದೂ ಬರಲಿಲ್ಲ. ಎಳ್ಳು ಬೀರಿದ ನಲವತ್ತು ಮನೆಗೂ ಹೋದದ್ದು ನಮ್ಮ ಅಡುಗೆಮನೆಯಲ್ಲೇ ಹೊಯ್ದ ಅಚ್ಚು. ಸುಮಾರು ನೂರ ಹತ್ತು ಬಂದವು. ಗಿಳಿಯ ಕೊಕ್ಕು ಕೂಡ ಮುರಿಯದೆ ಬಂತು. ಇದನ್ನು ಬರೆಯುವಾಗ ನನಗೆ ನಿಜವಾಗಿ ಖುಷಿಯಾಗುತ್ತಿದೆ. ಯಾಕಂದ್ರೆ ಎರಡು ವರ್ಷ ಎಲ್ಲರೂ ಒಂದೇ ಮಾತು ಹೇಳಿದ್ದರು: ‘ಅದು ಕಸುಬಿನವರ ಕೆಲಸ, ಮನೆಯಲ್ಲಿ ಆಗೋದಲ್ಲ, ಸುಮ್ನೆ ಸಕ್ಕರೆ ದಂಡ.’ ನಮ್ಮ ವಾರಗಿತ್ತಿಯಂತೂ ಹೋದ ವರ್ಷ ನನಗೆ ಹೇಳದೆಯೇ ಅಂಗಡಿಯಿಂದ ಎರಡು ಕಿಲೋ ತಂದು ಇಟ್ಟುಕೊಂಡಿದ್ದಳು.

ಶುರುವಾದದ್ದು ಅತ್ತೆಯ ಟ್ರಂಕಿನಿಂದ. ಹಳೇ ಸೀರೆಗಳ ಅಡಿಯಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟ ಹನ್ನೊಂದು ಮರದ ಅಚ್ಚು ಸಿಕ್ಕವು. ಗೋಪುರ, ತುಳಸಿಕಟ್ಟೆ, ಆನೆ, ಮೀನು, ಎರಡು ಗಿಳಿ. ಎಣ್ಣೆ ಕುಡಿದು ಕಪ್ಪಾಗಿ, ಕೈಯಲ್ಲಿ ಹಿಡಿದರೆ ಭಾರವಾಗಿದ್ದವು. ಅತ್ತೆಯ ಅತ್ತೆ ಇದರಲ್ಲಿ ಮಾಡುತ್ತಿದ್ದರಂತೆ. ಅತ್ತೆ ನೋಡಿದ್ದರು, ಕೈಯಾರೆ ಹೊಯ್ದಿರಲಿಲ್ಲ. ಅದೇ ವರ್ಷ ಅಂಗಡಿಯಿಂದ ತಂದ ಅಚ್ಚು ಹಳದಿಗೆ ತಿರುಗಿತ್ತು, ಹಬ್ಬದ ದಿನ ಬೆಳಿಗ್ಗೆ ಡಬ್ಬಿ ತೆಗೆದರೆ ಒಂದಕ್ಕೊಂದು ಅಂಟಿಕೊಂಡಿದ್ದವು. ಮುಂದಿನ ಸಲ ನಾನೇ ಮಾಡ್ತೀನಿ ಅಂದುಬಿಟ್ಟೆ.

2023ರಲ್ಲಿ ಹಬ್ಬ ಭಾನುವಾರ ಬಂದಿತ್ತು. ಶನಿವಾರ ಬೆಳಿಗ್ಗೆ ಎರಡು ಕಿಲೋ ಸಕ್ಕರೆಯನ್ನು ಒಂದೇ ದೊಡ್ಡ ಪಾತ್ರೆಗೆ ಹಾಕಿದೆ. ಅದೇ ಮೊದಲ ತಪ್ಪು. ಪಾಕ ಬಂತು, ಇಳಿಸಿ ತಿರುವಿದೆ, ಬೆಳ್ಳಗಾಯಿತು. ಮೂರು ಅಚ್ಚು ತುಂಬುವಷ್ಟರಲ್ಲಿ ಉಳಿದದ್ದೆಲ್ಲ ಪಾತ್ರೆಯಲ್ಲೇ ಕೂತುಬಿಟ್ಟಿತು. ಸೌಟು ಅದರೊಳಗೆ ನಿಂತೇ ಇತ್ತು. ಮತ್ತೆ ಒಂದು ಕಿಲೋ ತರಿಸಿದೆ. ಈ ಸಲ ಬೇಗ ಕೂರದಿರಲಿ ಅಂತ ನಿಂಬೆಹಣ್ಣು ಹಿಂಡಿದೆ. ಜಾಮೂನಿನ ಪಾಕಕ್ಕೆ ಹರಳು ಕಟ್ಟದಿರಲಿ ಅಂತ ಹಿಂಡುತ್ತೇವಲ್ಲ, ಅದೇ ಅಭ್ಯಾಸ. ಆದರೆ ಇಲ್ಲಿ ಹರಳು ಕಟ್ಟಲೇಬೇಕು! ಆ ಅಚ್ಚು ಮಾರನೇ ದಿನವೂ ಒದ್ದೆಯಾಗೇ ಇತ್ತು. ಬಿಚ್ಚಿದರೆ ಜೇನಿನ ಹಾಗೆ ನೂಲು ಬಿಡುತ್ತಿತ್ತು. ಹನ್ನೊಂದು ಅಚ್ಚನ್ನೂ ಬಿಸಿನೀರಿನಲ್ಲಿ ಇಟ್ಟು ತೊಳೆಯುವುದರಲ್ಲಿ ಸಂಜೆ ಕಳೆಯಿತು. ಒಂದು ಗಿಳಿ ಬಿಸಿಗೆ ಸೀಳು ಬಿಟ್ಟಿತು. ಅದಕ್ಕೆ ಇವತ್ತಿಗೂ ಬೇಜಾರಿದೆ.

ಕೂತುಹೋದ ಸಕ್ಕರೆಯನ್ನು ಆ ವರ್ಷ ಒಡೆದು ಕಾಫಿಗೆ, ಪಾಯಸಕ್ಕೆ ಅಂತ ಫೆಬ್ರವರಿವರೆಗೂ ಮುಗಿಸಿದೆವು. ಅದನ್ನು ನೀರು ಹಾಕಿ ಕರಗಿಸಿ ಮತ್ತೆ ಪಾಕ ಮಾಡಬಹುದು ಅನ್ನೋದು ನನಗೆ ಹೊಳೆದದ್ದು ಮರುವರ್ಷ. ಕೆಟ್ಟ ಘಾಣವನ್ನು, ಅಂದ್ರೆ ಒಂದು ಸಲಕ್ಕೆ ಕಾಯಿಸಿದ ಪಾಕವನ್ನು, ಎಸೆಯಬೇಡಿ. ನಿಂಬೆ ಬಿದ್ದದ್ದು ಮಾತ್ರ ಪಾನಕಕ್ಕೇ ಸರಿ.

2024ಕ್ಕೆ ಮಗ ಥರ್ಮಾಮೀಟರ್ ತರಿಸಿಕೊಟ್ಟ. ಆರುನೂರೋ ಏಳುನೂರೋ ಆಯಿತು. ವಿಡಿಯೋಗಳಲ್ಲಿ 115, 116 ಡಿಗ್ರಿ ಅಂತಾರೆ. ಹಾಗೇ ಮಾಡಿದೆ. ಇಳಿಸಿ ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ಪುಡಿ! ಇನ್ನೊಮ್ಮೆ ಮಾಡಿದೆ, ಮತ್ತೆ ಪುಡಿ. ಸಂಜೆ ಮಗನೇ ಸುಮ್ನೆ ನೀರು ಕುದಿಸಿ ಮುಳ್ಳು ನೋಡಿದ. 97ರ ಹತ್ತಿರವೇ ನಿಂತಿತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆಯಲ್ಲ, ಇಲ್ಲಿ ನೀರು ನೂರಕ್ಕೆ ಮುಂಚೆಯೇ ಕುದಿಯುತ್ತದೆ. ಪಾಕದ ಲೆಕ್ಕವೂ ಅಷ್ಟೇ ಕೆಳಗಿಳಿಯುತ್ತದೆ. ಅಲ್ಲಿಂದ ನಾನು ಅದಕ್ಕೂ ಚೂರು ಮುಂಚೆಯೇ, 110, ಜಾಸ್ತಿ ಅಂದ್ರೆ 111ಕ್ಕೆ ಇಳಿಸುತ್ತೇನೆ. ಮಂಗಳೂರಿನ ನಮ್ಮ ನಾದಿನಿ ಇದೇ ಅಂಕಿ ಹಿಡಿದು ಮಾಡಿದಳು, ಅವಳದು ಕೂರಲಿಲ್ಲ. ಅವಳ ಊರಿಗೆ ಇನ್ನೂ ಮೂರು ಡಿಗ್ರಿ ಬೇಕು. ನಿಮ್ಮ ಊರಲ್ಲಿ ನೀರು ಎಷ್ಟಕ್ಕೆ ಕುದಿಯುತ್ತದೆ ಅಂತ ಮೊದಲು ನೋಡಿಕೊಳ್ಳಿ.

ಆ ವರ್ಷ ಇಪ್ಪತ್ತು ಇಪ್ಪತ್ತೈದು ಒಳ್ಳೆಯವು ಬಂದವು. ಆದರೆ ಬಣ್ಣ ಬೂದು. ನಲವತ್ತು ಮನೆಗೆ ಸಾಲಲೂ ಇಲ್ಲ. ವಾರಗಿತ್ತಿ ತಂದಿಟ್ಟಿದ್ದು ಕೆಲಸಕ್ಕೆ ಬಂತು.

ಈ ಸಲ ಏನು ಬದಲಾಯಿಸಿದೆ ಅಂತ ಹೇಳುತ್ತೇನೆ. ದೊಡ್ಡ ಕೆಲಸ ಒಂದು ದಿನ, ಸಣ್ಣ ಕೆಲಸ ಇನ್ನೊಂದು ದಿನ ಅಂತ ಬೇರೆ ಮಾಡಿದೆ. ಭಾನುವಾರ ಸಂಜೆ ಎರಡು ಕಿಲೋ ಸಕ್ಕರೆಗೆ ಮುಕ್ಕಾಲು ಲೀಟರಿನಷ್ಟು ನೀರು ಹಾಕಿ ಕರಗಿಸಿ ಕೊಳೆ ತೆಗೆಯುವುದಷ್ಟೇ. ಕಿಲೋಗೆ ಎರಡು ಚಮಚ ಹಾಲು, ಅಷ್ಟೇ ನೀರು ಬೆರೆಸಿ, ಕುದಿ ಬಂದಾಗ ಅಂಚಿನಿಂದ ಬಿಟ್ಟೆ. ಬೂದುಬಣ್ಣದ ನೊರೆ ಮೇಲೆ ಬರುತ್ತದೆ. ಅದನ್ನು ಕಲಕಬಾರದು. ಉರಿ ಸಣ್ಣ ಮಾಡಿ, ನೊರೆ ಒಂದು ಕಡೆ ಸೇರಲು ಬಿಟ್ಟು, ಸೌಟಿನಲ್ಲಿ ಎತ್ತಬೇಕು. ಹೀಗೆ ಎರಡು ಸಲ. ಆಮೇಲೆ ಒದ್ದೆ ಪಂಚೆಯ ತುಂಡಿನಲ್ಲಿ ಸೋಸಿದೆ. ತಳದಲ್ಲಿಟ್ಟ ನಾಣ್ಯ ಕಾಣುವಷ್ಟು ತಿಳಿ ಬಂತು. ಹೋದ ವರ್ಷದ ಬೂದುಬಣ್ಣಕ್ಕೆ ಕಾರಣ ನಾನು ಒಂದೇ ಸಲ ತೆಗೆದು ಅವಸರ ಮಾಡಿದ್ದೇ. ಸೋಸುವುದರಲ್ಲಿ ಮೂರನೇ ಹಂತ ಒಂದಿದೆ. ಅದು ಅತ್ತೆ ನೆನಪು ಮಾಡಿಕೊಂಡು ಹೇಳಿದ್ದು. ಅದು ಮನೆಯಲ್ಲೇ ಇರಲಿ, ಸೊಸೆ ಬಂದಾಗ ಅವಳಿಗೆ ಹೇಳಬೇಕು. ಅದಿಲ್ಲದೆಯೂ ಅಚ್ಚು ಬೆಳ್ಳಗೆ ಬರುತ್ತದೆ, ನಮ್ಮದು ಇನ್ನೊಂದು ಚೂರು ಬೆಳ್ಳಗೆ ಅಷ್ಟೇ.

ಅಚ್ಚುಗಳನ್ನು ಅದೇ ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟೆ. ಒಂದೆರಡು ಗಂಟೆ ಸಾಲದು. ಮರ ಹೊಟ್ಟೆ ತುಂಬ ನೀರು ಕುಡಿದಿರಬೇಕು.

ಸೋಮವಾರ ಭೋಗಿ. ಆ ದಿನ ಹೊಯ್ಯುವ ಕೆಲಸ. ಹಾಲು ಕಾಯಿಸುವ ಸಣ್ಣ ಪಾತ್ರೆ, ಅದಕ್ಕೆ ಒಂದೇ ಒಂದು ಲೋಟ ಪಾಕ. ಇದೇ ನೋಡಿ, ಮೂರು ವರ್ಷ ಕಲಿತ ಪಾಠ. ಒಂದು ಘಾಣಕ್ಕೆ ನಾಲ್ಕೈದು ಅಚ್ಚು ತುಂಬುವಷ್ಟು ಮಾತ್ರ. ಕುದಿಯುವಾಗ ಪಾತ್ರೆಯ ಗೋಡೆಗೆ ಹರಳು ಹತ್ತುತ್ತದೆ, ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿರಬೇಕು. ಒಂದು ಹರಳು ಒಳಗೆ ಬಿದ್ದರೂ ಇಡೀ ಘಾಣ ಅದರ ಹಿಂದೆ ಹೋಗುತ್ತದೆ. ಡಿಗ್ರಿ ಬಂದ ತಕ್ಷಣ ಇಳಿಸಿ, ಗುಳ್ಳೆ ಅಡಗುವವರೆಗೆ ಮುಟ್ಟದೆ ಬಿಡಬೇಕು. ಆಮೇಲೆ ಚಪ್ಪಟೆ ಮರದ ಸೌಟಿನಲ್ಲಿ ಒಂದೇ ದಿಕ್ಕಿಗೆ ತಿರುವಬೇಕು.

ಇಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ಮೊದಲು ಸೌಟು ಸದ್ದಿಲ್ಲದೆ ಜಾರುತ್ತದೆ. ಒಂದು ನಿಮಿಷ ದಾಟಿದ ಮೇಲೆ ತಳದಲ್ಲಿ ಸಣ್ಣಗೆ ಸರಸರ ಅನ್ನುತ್ತದೆ, ನುಣ್ಣನೆ ಮರಳಿನ ಮೇಲೆ ಬೆರಳು ಎಳೆದ ಹಾಗೆ. ಆಗ ಪಾಕ ನೀರು ಮಜ್ಜಿಗೆಯ ಬಣ್ಣಕ್ಕೆ ಬಂದಿರುತ್ತದೆ. ಅದೇ ಹೊತ್ತು. ಹೊಯ್ಯಬೇಕು. ಗಟ್ಟಿ ಮಜ್ಜಿಗೆಯ ಹಾಗೆ ಆಗಲಿ ಅಂತ ಕಾದರೆ ಗೋಪುರದ ತುದಿಗೆ ಇಳಿಯುವುದೇ ಇಲ್ಲ. ಹೊಯ್ದ ಕೂಡಲೇ ಅಚ್ಚನ್ನು ಮಣೆಯ ಮೇಲೆ ಎರಡು ಸಲ ತಟ್ಟಿದರೆ ಒಳಗಿನ ಗಾಳಿ ಮೇಲೆ ಬರುತ್ತದೆ. ಏಳೆಂಟು ನಿಮಿಷಕ್ಕೆ ಅಚ್ಚಿನ ಎರಡು ಹೋಳನ್ನು ಹಿಡಿದಿಟ್ಟ ರಬ್ಬರ್ ಬ್ಯಾಂಡ್ ಬಿಚ್ಚಬಹುದು.

ಹನ್ನೆರಡು ಜನ ಸೇರಿದ್ದೆವು. ಮಾವ ಅಚ್ಚು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕುವುದು, ಮೈದುನ ತಿರುವುವುದು, ನಾನು ಹೊಯ್ಯುವುದು, ಬಿಚ್ಚುವುದು ಮಕ್ಕಳದು. ಮೊದಲ ಗಿಳಿ ಬಿಚ್ಚಿದಾಗ ಆರು ವರ್ಷದ ನಮ್ಮ ಪುಟ್ಟಿ ಎರಡೂ ಕೈಯಲ್ಲಿ ಹಿಡಿದುಕೊಂಡು ಉಸಿರು ಬಿಡದೆ ನಿಂತಳು. ಇನ್ನೂ ಬೆಚ್ಚಗಿತ್ತು. ಮಾವ ಅದನ್ನು ದೀಪದ ಮುಂದೆ ಎತ್ತಿ ಹಿಡಿದರು. ರೆಕ್ಕೆಯ ಗೆರೆ ಒಂದೊಂದೂ ಕಾಣುತ್ತಿತ್ತು. ‘ನಮ್ಮಮ್ಮ ಮಾಡ್ತಿದ್ದದ್ದು ಹೀಗೇ ಇರ್ತಿತ್ತು’ ಅಂದರು. ವಾರಗಿತ್ತಿ ಪಕ್ಕಕ್ಕೆ ಬಂದು ಸೌಟು ಕೇಳಿ ತಗೊಂಡಳು. ಆಮೇಲಿನ ಹತ್ತು ಘಾಣ ಅವಳೇ ತಿರುವಿದಳು. ಒಳ್ಳೆ ಕೈ ಅವಳದು.

ಇಷ್ಟು ಕೆಲಸದ ದಿನ ಊಟ ಸರಳವಾಗಿರಬೇಕು, ಇಲ್ಲದಿದ್ದರೆ ಎರಡೂ ಕೆಡುತ್ತವೆ. ಅದಕ್ಕೆ ಖಾರದ ಹುಗ್ಗಿ ಮತ್ತು ಹುಣಸೆ ಗೊಜ್ಜು, ಅಷ್ಟೇ. ಹುಗ್ಗಿಗೆ ಒಂದು ಅಕ್ಕಿಗೆ ಒಂದು ಹೆಸರುಬೇಳೆ, ಕುಕ್ಕರಿನಲ್ಲಿ ಮೆತ್ತಗೆ. ಅವರೆಕಾಳು ಬೇರೆ ಬೇಯಿಸಿ ಕೊನೆಗೆ ಸೇರಿಸಿದರೆ ಹಸಿರು ಹಾಗೇ ಉಳಿಯುತ್ತದೆ. ಮೆಣಸು, ಜೀರಿಗೆ, ಶುಂಠಿ, ಕೊಬ್ಬರಿ ತುರಿ, ಕೈ ಬಿಗಿ ಮಾಡದೆ ತುಪ್ಪ. ಅವರೆಕಾಯಿ ಐದು ಕಿಲೋ ತಂದಿದ್ದೆವು, ಕಿಲೋಗೆ ಎಂಬತ್ತರ ಹತ್ತಿರ. ಸೊಗಡಿನ ಕಾಯಿ, ಸುಲಿದ ಕೈ ರಾತ್ರಿವರೆಗೂ ಘಮ ಅನ್ನುತ್ತಿತ್ತು. ಅರ್ಧ ಕಾಳನ್ನು ನೆನೆಸಿ ಹಿದುಕುವ ಪಂದ್ಯ ಇಟ್ಟೆವು. ಹತ್ತು ನಿಮಿಷದಲ್ಲಿ ಯಾರ ಬಟ್ಟಲು ತುಂಬುತ್ತದೋ ಅವರಿಗೆ ಮೊದಲ ಗೋಪುರ. ಅರ್ಧ ಬೇಳೆ ಬಟ್ಟಲಿಗೆ ಬಿದ್ದರೆ ಅರ್ಧ ಒಬ್ಬರ ಮುಖಕ್ಕೆ ಒಬ್ಬರು ಚಿಮ್ಮಿಸಿದ್ದು. ಗೆದ್ದದ್ದು ನಮ್ಮ ಮಾವ, ಎಪ್ಪತ್ತೆಂಟು ವರ್ಷ ಅವರಿಗೆ. ಗೋಪುರವನ್ನು ಪುಟ್ಟಿಗೆ ಕೊಟ್ಟುಬಿಟ್ಟರು. ಆ ಬೇಳೆ ರಾತ್ರಿ ಸಾರಾಯಿತು.

ಮಾರನೇ ದಿನ, 14ರ ಮಂಗಳವಾರ, ಹಬ್ಬ. ಸಂಜೆ ಪುಟ್ಟಿಯ ತಮ್ಮನಿಗೆ ಹಣ್ಣೆರೆಯುವುದಿತ್ತು. ಎಲಚಿಹಣ್ಣು, ಕಬ್ಬಿನ ತುಂಡು, ಚಿಲ್ಲರೆ ಕಾಸಿನ ಜೊತೆಗೆ ತುದಿ ಮುಕ್ಕಾದ ಪುಟಾಣಿ ಅಚ್ಚುಗಳನ್ನೂ ಸೇರಿಸಿದೆ. ಮಕ್ಕಳು ಹಣ್ಣು, ಕಾಸು ಬಿಟ್ಟು ಅಚ್ಚಿಗೇ ಮುಗಿಬಿದ್ದರು. ಇನ್ನು ಮೇಲೆ ಮುಕ್ಕಾದದ್ದನ್ನೆಲ್ಲ ಇದಕ್ಕೇ ಎತ್ತಿಡುವುದು ಅಂತ ಆಗಿದೆ.

ಬೇರೆ ಪ್ರಯೋಗಗಳನ್ನೂ ಮಾಡಿದೆ. ಬೀಟ್ರೂಟ್ ರಸ ಅರ್ಧ ಚಮಚ ಹಾಕಿದ ಘಾಣ ಚೆಂದದ ಗುಲಾಬಿ ಬಂತು, ಆದರೆ ನಾಲ್ಕನೇ ದಿನಕ್ಕೆ ಮಾಸಿತು. ಕೇಸರಿ ನಿಂತಿತು, ಪರಿಮಳವೂ ಚೆನ್ನಾಗಿದೆ, ಖರ್ಚು ಜಾಸ್ತಿ. ಬೆಲ್ಲದ ಪಾಕವನ್ನು ಇದೇ ಥರ ತಿರುವಿ ನೋಡಿದೆ, ಮೂರು ಸಲವೂ ಅಂಟು. ಬೆಲ್ಲ ಈ ದಾರಿಗೆ ಬರುವುದಿಲ್ಲ ಅಂತ ಬಿಟ್ಟೆ. ಚಾಕಲೇಟ್ ಮಾಡುವ ಸಿಲಿಕಾನ್ ಅಚ್ಚಿನಲ್ಲೂ ಹೊಯ್ದೆ. ಸುಲಭವಾಗಿ ಬಿಡುತ್ತದೆ, ನೆನೆಸುವ ಕೆಲಸವಿಲ್ಲ. ಆದರೆ ಒಂದೇ ಮುಖ, ಹಿಂದೆ ಚಪ್ಪಟೆ. ತಟ್ಟೆಯಲ್ಲಿ ನಿಲ್ಲದ ಅಚ್ಚನ್ನು ನಾನು ಅಚ್ಚು ಅನ್ನುವುದಿಲ್ಲ. ಮರದ್ದಕ್ಕೆ ಅದು ಸಮ ಅಲ್ಲ.

ದುಡ್ಡಿನ ಲೆಕ್ಕ ಕೇಳುವವರಿಗೆ: ಮೂರು ವರ್ಷದಲ್ಲಿ ಕೆಡಿಸಿದ ಸಕ್ಕರೆ ಆರೇಳು ಕಿಲೋ, ಮುನ್ನೂರು ರೂಪಾಯಿ ಅಂದುಕೊಳ್ಳಿ. ಥರ್ಮಾಮೀಟರ್ ಆರುನೂರು ಚಿಲ್ಲರೆ. ಸೀಳಿದ ಗಿಳಿಗೆ ಬದಲು ಗಾಂಧಿ ಬಜಾರಿನಲ್ಲಿ ನಾಲ್ಕು ಹೊಸ ಅಚ್ಚು ತಗೊಂಡೆ, ಚೌಕಾಸಿ ಮಾಡಿ ಸಾವಿರದ ಇನ್ನೂರು. ಒಟ್ಟು ಎರಡು ಸಾವಿರ ದಾಟಿತು. ಈ ವರ್ಷದ ಎರಡು ಕಿಲೋಗೆ ಸಕ್ಕರೆ, ಹಾಲು, ಗ್ಯಾಸ್ ಸೇರಿ ನೂರ ಐವತ್ತರೊಳಗೆ. ಅಂಗಡಿಯಲ್ಲಿ ಅಷ್ಟಕ್ಕೆ ಏಳುನೂರು ಕೊಡುತ್ತಿದ್ದೆವು. ಇನ್ನು ಮೂರು ಹಬ್ಬ ಕಳೆದರೆ ಹಾಕಿದ್ದು ಬಂದುಬಿಡುತ್ತದೆ. ಹೊಸ ಅಚ್ಚು ಕೊಳ್ಳುವಾಗ ಎರಡು ಹೋಳನ್ನೂ ಜೋಡಿಸಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ಕಂಡರೆ ಪಾಕ ಅಲ್ಲಿಂದಲೇ ಸೋರುತ್ತದೆ. ನನ್ನ ನಾಲ್ಕರಲ್ಲಿ ಒಂದು ಹಾಗಿದೆ, ಹೊಯ್ಯುವ ಮುಂಚೆ ಅಂಚಿಗೆ ಗೋಧಿ ಹಿಟ್ಟಿನ ಕಣಕ ಮೆತ್ತುತ್ತೇನೆ.

ಪಕ್ಕದ ಮೂರು ಮನೆಯವರು ಮುಂದಿನ ವರ್ಷಕ್ಕೆ ಈಗಲೇ ಸಕ್ಕರೆ ತಂದುಕೊಡ್ತೀವಿ ಅಂದಿದ್ದಾರೆ. ಮಾಡಿಕೊಡುತ್ತೇನೆ, ಆದರೆ ಒಬ್ಬೊಬ್ಬರೂ ಬಂದು ಎರಡು ಗಂಟೆ ಕೂತು ತಿರುವಬೇಕು ಅಂತ ಹೇಳಿದ್ದೇನೆ.

ಕೆಲಸ ಮುಗಿದ ಮೇಲೆ ಅಚ್ಚನ್ನು ಬಿಸಿಲಿಗೆ ಇಡಬೇಡಿ, ಸೀಳುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಗೆರೆಗಳನ್ನು ತೊಳೆದು, ನೆರಳಲ್ಲಿ ನಾಲ್ಕು ದಿನ ಒಣಗಿಸಿ, ಕೊಬ್ಬರಿ ಎಣ್ಣೆ ಒಂದು ಕೈ ಸವರಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ನಾಲ್ಕು ಬೇವಿನ ಎಲೆ ಹಾಕಿಡಿ. ನಮ್ಮವು ಈಗ ಅತ್ತೆಯ ಟ್ರಂಕಿನಲ್ಲಿಲ್ಲ, ಅಡುಗೆಮನೆಯ ಮೇಲಿನ ಗೂಡಿನಲ್ಲೇ ಇವೆ. ಸೀಳಿದ ಗಿಳಿಯೂ ಅಲ್ಲೇ ಇದೆ. ಮರಗೆಲಸದವರಿಗೆ ತೋರಿಸಿದ್ದೇನೆ, ಅಂಟು ಹಾಕಿ ಬಿಗಿದು ಕೊಡ್ತೀನಿ ಅಂದಿದ್ದಾರೆ. ಅಂಟು ಬೇಡ, ಮರದ ಬೆಣೆಯಲ್ಲೇ ಕೂರಿಸಿ ಅಂತ ಕೇಳಿದ್ದೇನೆ.